ಕತ್ತಿಗೆ ಹದ ಬರುವುದು ಎಲ್ಲಿಂದ?

ಕೆಜಿಎಫ್‌ನಂಥ ಚಿನ್ನದ ಗಣಿಯ ಊರಿನಲ್ಲಿ ಅಕ್ಕಸಾಲಿಗರೂ ಇರುತ್ತಾರೆ, ಕಮ್ಮಾರರೂ ಇರುತ್ತಾರೆ. ಇಬ್ಬರೂ ಮಾಡುವ ಒಂದು ಕೆಲಸ ನೋಡುವವರಿಗೆ ಒಂದೇ ಥರ ಕಾಣುತ್ತದೆ. ಲೋಹವನ್ನು ಕೆಂಪಗೆ ಕಾಯಿಸುತ್ತಾರೆ, ಇಕ್ಕಳದಲ್ಲಿ ಹಿಡಿದು ಚುಂಯ್ ಎನ್ನುವಂತೆ ಅದ್ದುತ್ತಾರೆ. ಫಲ ಮಾತ್ರ ತದ್ವಿರುದ್ಧ. ಬಡಿದು ಬಡಿದು ಬಿರುಸಾಗಿದ್ದ ಚಿನ್ನದ ತಗಡು ನೀರಿನಿಂದ ಎದ್ದಾಗ ಮೆತ್ತಗಾಗಿರುತ್ತದೆ, ಹೇಳಿದ ಹಾಗೆ ಬಾಗುತ್ತದೆ. ಕಮ್ಮಾರನ ಉಕ್ಕು ನೀರಿನಿಂದ ಎದ್ದಾಗ ಅರ ಉಜ್ಜಿದರೂ ಜಾರಿಹೋಗುವಷ್ಟು ಗಡಸಾಗಿರುತ್ತದೆ. ಕೈತಪ್ಪಿ ಕಲ್ಲಿನ ಮೇಲೆ ಬಿದ್ದರೆ ಗಾಜಿನಂತೆ ಒಡೆದರೂ ಒಡೆದೀತು.

ಕಾಯಿಸಿ ಅದ್ದಿದರೆ ಗಟ್ಟಿಯಾಗುತ್ತದೆ ಎಂಬುದು ನಮಗೆಲ್ಲ ಅರ್ಧಂಬರ್ಧ ಗೊತ್ತು. ಹಾಗಾದರೆ ಚಿನ್ನ ಏಕೆ ಗಟ್ಟಿಯಾಗುವುದಿಲ್ಲ? ಗಟ್ಟಿಯಾದ ಉಕ್ಕನ್ನು ಕಮ್ಮಾರ ಅಲ್ಲಿಗೇ ಬಿಡದೆ ಮತ್ತೊಮ್ಮೆ ಬೆಂಕಿಗೆ ಏಕೆ ತೋರಿಸುತ್ತಾನೆ?

ಈ ಒಗಟಿಗೂ ಕಾಡು ಅಲೆಯುವವರ ಕತ್ತಿಗೂ ನೇರ ನಂಟಿದೆ. ಅಂತರಗಂಗೆ ಬೆಟ್ಟಕ್ಕೋ ಪಶ್ಚಿಮ ಘಟ್ಟಕ್ಕೋ ಹೊರಡುವ ಹುಡುಗರು ಈಗ ಬುಷ್‌ಕ್ರಾಫ್ಟ್ ಚಾಕು ಹುಡುಕುತ್ತಾರೆ. ಬುಷ್‌ಕ್ರಾಫ್ಟ್ ಎಂದರೆ ಕಾಡಿನಲ್ಲಿ ಸಿಕ್ಕಿದ್ದರಿಂದಲೇ ಬೆಂಕಿ, ನೆರಳು, ಅಡುಗೆ ಹೊಂದಿಸಿಕೊಳ್ಳುವ ಕೌಶಲ. ಅದಕ್ಕೆ ಬೇಕಾದದ್ದು ಮಡಚದ ಚಾಕು. ಮಡಚುವ ಚಾಕುವಿನಲ್ಲಿ ಅಲಗಿನ ಭಾರವೆಲ್ಲ ಒಂದು ಸಣ್ಣ ಮೊಳೆಯ ಮೇಲೆ ಬೀಳುತ್ತದೆ. ಕೊರಡು ಸೀಳಲು ಹೋದರೆ ಮೊದಲು ಸಡಿಲಾಗುವುದು ಅದೇ. ಇಷ್ಟು ತಿಳಿದ ಮೇಲೆ ಹುಡುಗರು ಕೇಳುವ ಮುಂದಿನ ಪ್ರಶ್ನೆ, ಯಾವ ಉಕ್ಕು ಒಳ್ಳೆಯದು? ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದರ್ಧ ಅಲಗಿನ ಮೇಲೆ ಅಚ್ಚೊತ್ತಿರುವುದಿಲ್ಲ; ಅದನ್ನು ಕಾಣಲು ಗಣಿಯಿಂದ ಶುರುಮಾಡೋಣ.

ಬೆಣಚುಕಲ್ಲಿನ ಎದುರು

ಕೆಜಿಎಫ್‌ನ ಚಾಂಪಿಯನ್ ರೀಫ್ಸ್ ಗಣಿ ಮುಚ್ಚಿದ್ದು 2001ರಲ್ಲಿ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಾಲಿಟ್ಟಲ್ಲಿಂದ 2001ರ ಫೆಬ್ರವರಿ 28ರವರೆಗೆ, ಕೆಜಿಎಫ್‌ನಲ್ಲಿ ನಡೆದದ್ದು ಒಂದು ಲೆಕ್ಕದಲ್ಲಿ ಉಕ್ಕಿಗೂ ಬೆಣಚುಕಲ್ಲಿಗೂ ನಡೆದ ಜಗಳವೇ. ಇಲ್ಲಿಯ ಚಿನ್ನ ಬೆಣಚುಕಲ್ಲಿನ ಪಟ್ಟೆಗಳಲ್ಲಿ ಬಹುಮಟ್ಟಿಗೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಡಗಿತ್ತು. ಬೆಣಚುಕಲ್ಲು ಗಾಜನ್ನು ಗೀರುತ್ತದೆ, ಸಾದಾ ಕಬ್ಬಿಣವನ್ನಂತೂ ಸಲೀಸಾಗಿ ಗೀರುತ್ತದೆ. ಅದಕ್ಕೆ ತೂತು ಕೊರೆದು ಮದ್ದು ತುಂಬಿ ಸಿಡಿಸಬೇಕು. ಮೊದಮೊದಲು ಸುತ್ತಿಗೆ ಮತ್ತು ಉಕ್ಕಿನ ಸಲಾಕೆ, ಆಮೇಲೆ ಗಾಳಿಯ ಒತ್ತಡದಿಂದ ಬಡಿಯುವ ಯಂತ್ರ. ಎರಡರಲ್ಲೂ ಕಲ್ಲಿಗೆ ತಾಗುವುದು ಉಕ್ಕಿನ ತುದಿ.

ಆ ತುದಿ ಮೆತ್ತಗಿದ್ದರೆ ನಾಲ್ಕು ಏಟಿಗೆ ಚಪ್ಪಟೆ. ಬರಿದೇ ಗಡಸಾಗಿದ್ದರೆ ನಾಲ್ಕು ಏಟಿಗೆ ಚೂರು. ಎರಡೂ ಗುಣ ಒಟ್ಟಿಗೆ ಬೇಕು: ಗೀರು ಬೀಳದಂತೆ ಎದುರಿಸುವ ಗಡಸುತನ, ಏಟು ತಿಂದು ಒಡೆಯದಿರುವ ತಾಳಿಕೆ. ತೊಂದರೆ ಏನೆಂದರೆ ಒಂದನ್ನು ಹೆಚ್ಚಿಸಿದರೆ ಸಾಮಾನ್ಯವಾಗಿ ಇನ್ನೊಂದು ಇಳಿಯುತ್ತದೆ.

(ಗಣಿಯ ಆಳ ಮೂರು ಕಿಲೋಮೀಟರು ಮೀರಿತ್ತು, ಅಲ್ಲಿ ಬಂಡೆಯೇ 60 ಡಿಗ್ರಿ ದಾಟಿ ಬಿಸಿಯಾಗಿರುತ್ತಿತ್ತು. ಮನುಷ್ಯನಿಗೆ ಅದು ನರಕ, ಉಕ್ಕಿಗೆ ಲೆಕ್ಕಕ್ಕೇ ಇಲ್ಲ. ಉಕ್ಕಿನ ಒಳಗೆ ಏನಾದರೂ ಕದಲಬೇಕಾದರೆ ಇನ್ನೂ ನೂರು ಡಿಗ್ರಿ ಬೇಕು.)

ಉಕ್ಕಿಗೂ ಕಲ್ಲಿಗೂ ನಡೆಯುವ ಇದೇ ಜಗಳ ಕೋಲಾರ ಜಿಲ್ಲೆಯ ಕಲ್ಲುಕ್ವಾರಿಗಳಲ್ಲಿ ಇನ್ನೂ ನೋಡಸಿಗುತ್ತದೆ. ಕೈಯಿಂದ ಕಲ್ಲು ಸೀಳುವವರು ಉಳಿಗಳನ್ನು ಪಕ್ಕದಲ್ಲೇ ಹೂಡಿದ ಪುಟ್ಟ ಕುಲುಮೆಯಲ್ಲಿ ತಾವೇ ಹದ ಮಾಡಿಕೊಳ್ಳುತ್ತಾರೆ. ಆ ಕೆಲಸವನ್ನು ಹತ್ತಿರದಿಂದ ಗಮನಿಸಬೇಕು. ಮೊಂಡಾದ ತುದಿಯನ್ನು ಕೆಂಪಗೆ ಕಾಯಿಸಿ ಬಡಿದು ಚೂಪು ಮಾಡುತ್ತಾರೆ. ಮತ್ತೆ ಕಾಯಿಸಿ, ಒಂದೆರಡು ಬೆರಳಗಲದಷ್ಟು ತುದಿಯನ್ನು ಮಾತ್ರ ನೀರಿಗದ್ದಿ ಎತ್ತಿಬಿಡುತ್ತಾರೆ. ತುದಿ ತಣ್ಣಗೆ, ಮೇಲಿನ ಭಾಗ ಇನ್ನೂ ಕೆಂಡ. ತುದಿಯನ್ನು ಕಲ್ಲಿಗೆ ಎರಡು ಸಲ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿ ಕಣ್ಣಿಟ್ಟು ಕಾಯುತ್ತಾರೆ. ಮೇಲಿನ ಶಾಖ ಕೆಳಗಿಳಿದಂತೆ ಆ ಹೊಳಪಿನ ಮೇಲೆ ಬಣ್ಣ ಓಡಿ ಬರುತ್ತದೆ: ತೆಳು ಹಳದಿ, ಅದರ ಬೆನ್ನಿಗೆ ಕಂದು, ನೇರಳೆ, ನೀಲಿ. ತಮಗೆ ಬೇಕಾದ ಬಣ್ಣ ತುದಿ ಮುಟ್ಟಿದ ಗಳಿಗೆಯಲ್ಲೇ ಇಡೀ ಉಳಿ ನೀರಿನೊಳಗೆ. ಥರ್ಮಾಮೀಟರಿಲ್ಲ, ಗಡಿಯಾರವಿಲ್ಲ. ಲೋಹಶಾಸ್ತ್ರದ ಒಂದು ಪಾಠ ಪೂರ್ತಿ ಮುಗಿದಿರುತ್ತದೆ.

ಇಂಗಾಲದ ಚಿಟಿಕೆ

ಕಬ್ಬಿಣಕ್ಕೂ ಉಕ್ಕಿಗೂ ಇರುವ ಅಂತರ ಒಂದು ಚಿಟಿಕೆ ಇಂಗಾಲ. ಮನೆ ಕಟ್ಟುವ ಕಂಬಿ, ಗೇಟಿನ ಪಟ್ಟಿ ಇವುಗಳಲ್ಲಿ ನೂರಕ್ಕೆ 0.2ರ ಆಸುಪಾಸು. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ 0.5ರಿಂದ 0.6. ಒಳ್ಳೆಯ ಚಾಕುವಿನ ಉಕ್ಕಿನಲ್ಲಿ 0.6ರಿಂದ 1. ಅರದಲ್ಲಿ ಒಂದಕ್ಕಿಂತ ಸ್ವಲ್ಪ ಹೆಚ್ಚು. ಎರಡು ದಾಟಿದರೆ ಅದು ಬೀಡು ಕಬ್ಬಿಣವಾಗುತ್ತದೆ, ಬಡಿದರೆ ಒಡೆಯುತ್ತದೆ. ಅರ್ಧ ಪ್ರತಿಶತದ ಆಟದಲ್ಲಿ ಗೇಟು ಕತ್ತಿಯಾಗುತ್ತದೆ ಎಂದರೆ ನಂಬಲು ಕಷ್ಟ; ಯುರೋಪಿನ ಪಂಡಿತರಿಗೂ ಕಷ್ಟವಾಗಿತ್ತು. ಸ್ವೀಡನ್ನಿನ ಟೋರ್ಬರ್ನ್ ಬರ್ಗ್‌ಮನ್ ಆಸಿಡ್‌ನಲ್ಲಿ ಕರಗಿಸಿ ತಳದಲ್ಲುಳಿದ ಕಪ್ಪುಪುಡಿ ತೂಗಿ ಈ ಅಂತರವನ್ನು ತೋರಿಸಿದ್ದು 1781ರಲ್ಲಿ.

ನಮ್ಮ ಕಡೆಯವರು ಅಷ್ಟರಲ್ಲಾಗಲೇ ಎಷ್ಟೋ ತಲೆಮಾರುಗಳಿಂದ ಆ ಚಿಟಿಕೆಯನ್ನು ಅಳೆದು ಹಾಕುತ್ತಿದ್ದರು. ಟಿಪ್ಪು ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಬಂದ ಫ್ರಾನ್ಸಿಸ್ ಬುಕನನ್ ಇಲ್ಲಿ ಉಕ್ಕು ಮಾಡುವ ಬಗೆಯನ್ನು ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ, ಬಾಯಿ ಮುಚ್ಚಿ ತಿದಿ ಊದಿ ತಾಸುಗಟ್ಟಲೆ ಬೆಂಕಿ. ಕಡ್ಡಿ ಸುಟ್ಟು ಇದ್ದಿಲಾಗುತ್ತದೆ, ಇದ್ದಿಲು ಕಬ್ಬಿಣದೊಳಗೆ ಕರಗುತ್ತದೆ. ಅದೇ ತಂಗಡಿ, ಬಂಗಾರಪೇಟೆಯ ಸುತ್ತಲ ಬಯಲುಗಳಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಗಿಡ. ಇಂಥ ಉಕ್ಕಿನ ಗಟ್ಟಿಗಳು ಲಂಡನ್ನಿಗೂ ಹೋದವು. ಮೈಕೇಲ್ ಫ್ಯಾರಡೆ ವಿದ್ಯುತ್ತಿನ ಕೆಲಸದಿಂದ ಹೆಸರಾಗುವ ಮುನ್ನ ಅವುಗಳ ಗುಟ್ಟು ಹುಡುಕುತ್ತ ಕೂತಿದ್ದ.

ಇಂಗಾಲ ಬೇಕು, ಸರಿ. ಆದರೆ ಅದು ಅಲ್ಲಿ ಕೂತು ಮಾಡುವುದೇನು?

ಮಾರಿಕುಪ್ಪಂ ರೈಲಿನಲ್ಲಿ

ಲೋಹ ಬಾಗುವುದು ಎಂದರೆ ಅದರೊಳಗಿನ ಪರಮಾಣುಗಳ ಸಾಲುಗಳು ಒಂದರ ಮೇಲೊಂದು ಜಾರುವುದು. ಜಾರಿಕೆ ಸಲೀಸಾದರೆ ಲೋಹ ಮೆದು, ಜಾರಲು ಅಡ್ಡಿಯಿದ್ದರೆ ಗಡಸು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು, ಬೆಳಗಿನ ಹೊತ್ತು ಮಾರಿಕುಪ್ಪಂನಿಂದ ಹೊರಟು ಚಾಂಪಿಯನ್, ಊರಿಗಾಂ, ಕೋರಮಂಡಲ್ ದಾಟಿ ಬೆಂಗಳೂರಿಗೆ ಹೋಗುವ ರೈಲಿನ ಒಂದು ಬೋಗಿ ನೋಡೋಣ. ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಅನ್ನ ಈ ರೈಲಿನಲ್ಲೇ ಓಡಾಡುತ್ತದೆ.

ನಿಂತ ಜನ ಕಬ್ಬಿಣದ ಪರಮಾಣುಗಳು. ಅವರ ಟಿಫಿನ್ ಚೀಲಗಳು ಇಂಗಾಲದ ಪರಮಾಣುಗಳು. ತಣ್ಣಗಿನ ಕಬ್ಬಿಣದಲ್ಲಿ ಜನರ ನಡುವೆ ಸಂದುಗಳೇನೋ ಬಹಳ, ಆದರೆ ಒಂದೊಂದೂ ಇಕ್ಕಟ್ಟು, ಚೀಲ ಇಡಲಾಗದು. ಕೆಂಪಗೆ ಕಾಯಿಸಿದಾಗ, ಸುಮಾರು 730 ಡಿಗ್ರಿ ದಾಟಿದ ಮೇಲೆ, ಜನ ನಿಲ್ಲುವ ಕ್ರಮವನ್ನೇ ಬದಲಿಸುತ್ತಾರೆ. ಒಟ್ಟು ಜಾಗ ಹೆಚ್ಚಾಗುವುದಿಲ್ಲ, ನಿಜ ಹೇಳಬೇಕೆಂದರೆ ಇನ್ನಷ್ಟು ಒತ್ತಾಗಿ ನಿಲ್ಲುತ್ತಾರೆ; ಆದರೆ ಹರಡಿ ಹೋಗಿದ್ದ ಸಂದುಗಳು ಸೇರಿ ಅಲ್ಲಲ್ಲಿ ಒಂದು ಚೀಲ ಹಿಡಿಯುವಷ್ಟು ಜಾಗವಾಗುತ್ತದೆ. ಚೀಲಗಳೆಲ್ಲ ಕಾಲುಗಳ ನಡುವೆ ಇಳಿದು ಬೋಗಿಯ ತುಂಬ ಸಮವಾಗಿ ಹಂಚಿಕೊಳ್ಳುತ್ತವೆ.

ಈಗ ಉಕ್ಕನ್ನು ಬೂದಿಯಲ್ಲಿ ಹೂತು ನಿಧಾನವಾಗಿ ಆರಿಸಿ. ಜನ ಹಳೆಯ ಕ್ರಮಕ್ಕೆ ಮರಳುತ್ತಾರೆ. ಅವಸರವಿಲ್ಲದ ಕಾರಣ ಚೀಲಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಿನ ಅಟ್ಟಣೆಗೆ ಸೇರಿಸುತ್ತಾರೆ. ಇಂಗಾಲ ಬೇರೆ ಪದರವಾಗಿ ಒಂದೆಡೆ ಗುಂಪುಗೂಡುತ್ತದೆ. ಕಾಲಡಿ ಖಾಲಿ, ಸಾಲುಗಳು ಸರಿದಾಡುತ್ತವೆ, ಉಕ್ಕು ಮೆದುವಾಗುತ್ತದೆ. ಅದೇ ಕೆಂಪು ಉಕ್ಕನ್ನು ತಟ್ಟನೆ ಅದ್ದಿದರೆ? ಜನ ಹಳೆಯ ಕ್ರಮಕ್ಕೆ ಮುಗಿಬೀಳುತ್ತಾರೆ, ಚೀಲ ಎತ್ತಲು ಪುರಸೊತ್ತೇ ಇಲ್ಲ. ಪ್ರತಿ ಚೀಲವೂ ಇದ್ದಲ್ಲೇ ಕಾಲುಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಯಾರಿಗೂ ಒಂದು ಹೆಜ್ಜೆ ಸರಿಯಲಾಗದು, ಇಡೀ ಸಾಲು ಸೆಟೆದು ನಿಲ್ಲುತ್ತದೆ.

ಆ ಸೆಟೆತವೇ ಗಡಸುತನ. ಹೀಗೆ ಇಂಗಾಲ ಸಿಕ್ಕಿಹಾಕಿಕೊಂಡ ಉಕ್ಕನ್ನು ಸಿಕ್ಕುಕ್ಕು ಎಂದು ಕರೆಯೋಣ. ವಿಜ್ಞಾನಿಗಳು ಅದಕ್ಕೆ ಮಾರ್ಟೆನ್ಸೈಟ್ ಎನ್ನುತ್ತಾರೆ. ಉಕ್ಕನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ ಜರ್ಮನಿಯ ಅಡಾಲ್ಫ್ ಮಾರ್ಟೆನ್ಸ್‌ನ ಹೆಸರು ಅದು.

ಅಕ್ಕಸಾಲಿಗನ ಒಗಟು ಇಲ್ಲಿಗೆ ಬಿಡಿಸಿದಂತಾಯಿತು. ಚಿನ್ನ, ತಾಮ್ರಗಳ ಪರಮಾಣುಗಳು ತಣ್ಣಗಿದ್ದಾಗ ನಿಂತ ಕ್ರಮದಲ್ಲೇ ಕರಗುವವರೆಗೂ ನಿಂತಿರುತ್ತವೆ, ನಡುವೆ ಕ್ರಮ ಬದಲಿಸುವುದಿಲ್ಲ. ಸಿಕ್ಕಿಸಲು ಇಂಗಾಲವೂ ಇಲ್ಲ. ಕಾಯಿಸಿದಾಗ ಆಗುವುದು ಇಷ್ಟೇ, ಸುತ್ತಿಗೆಯ ಏಟಿಗೆ ಕಲಸಿಹೋಗಿದ್ದ ಸಾಲುಗಳು ಮತ್ತೆ ನೇರವಾಗುತ್ತವೆ. ನೀರಿಗದ್ದುವುದು ಬೇಗ ಕೈಗೆ ಸಿಗಲಿ ಎಂದು.

ಕೆಂಪು ಸಾಕೇ, ಇನ್ನೂ ಕಾಯಿಸಬೇಕೇ ಎಂದು ತಿಳಿಯಲು ಒಂದು ಅಯಸ್ಕಾಂತ ಸಾಕು. ಪರಮಾಣುಗಳ ಕ್ರಮ ಬದಲಾಗುವ ಹೊತ್ತಿಗೆ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಟ್ಟಿರುತ್ತದೆ. ಅದಕ್ಕಿಂತ ಒಂದಿಷ್ಟು ಮೇಲಕ್ಕೆ ಕಾಯಿಸಿ ಅದ್ದಿದರಾಯಿತು.

ಎರಡನೆಯ ಕಾವು

ಅದ್ದಿ ತೆಗೆದ ಸಿಕ್ಕುಕ್ಕು ಬಲು ಗಡಸು, ಅಷ್ಟೇ ಮುಂಗೋಪಿ. ಸಾಲುಗಳು ಕದಲಲಾರವಾದ್ದರಿಂದ ಏಟು ಬಿದ್ದಾಗ ಬಾಗಿ ಸಹಿಸುವ ದಾರಿಯೇ ಇಲ್ಲ, ಬಿರುಕು ಬಿಡುವುದೊಂದೇ ದಾರಿ. ಸಿಕ್ಕುಕ್ಕಾಗುವಾಗ ಗಾತ್ರವೂ ಒಂದಿಷ್ಟು ಉಬ್ಬುತ್ತದೆ. ಹೊರಮೈ ಮೊದಲು, ಒಳಮೈ ಆಮೇಲೆ ಉಬ್ಬಿದಾಗ ಆ ಎಳೆದಾಟಕ್ಕೇ ಅಲಗು ಟಿಕ್ ಎಂದು ಸೀಳುವುದುಂಟು. ಸ್ಪ್ರಿಂಗ್ ಪಟ್ಟಿಯಂಥ ಉಕ್ಕನ್ನು ನೀರಿನ ಬದಲು ಎಣ್ಣೆಗೆ ಅದ್ದುವುದು ಇದಕ್ಕೇ. ಎಣ್ಣೆ ಶಾಖವನ್ನು ಸ್ವಲ್ಪ ತಾಳ್ಮೆಯಿಂದ ಎಳೆದುಕೊಳ್ಳುತ್ತದೆ.

ಆದ್ದರಿಂದ ಎರಡನೆಯ ಕಾವು. ಚಾಕುವಾದರೆ 150ರಿಂದ 250 ಡಿಗ್ರಿ. ಬೋಗಿಯಲ್ಲಿ ಒಂದೊಂದೇ ಚೀಲ ಹೊರಳಿ ಅಟ್ಟಣೆ ಸೇರುತ್ತದೆ. ಎಲ್ಲ ಅಲ್ಲ, ಕೆಲವು. ಕಾಲಾಡಿಸಲು ತುಸು ಎಡೆ ಸಿಗುತ್ತದೆ, ಸಾಲು ಮಾತ್ರ ಸಲೀಸಾಗಿ ಜಾರಲಾರದು. ಒಂದಿಷ್ಟು ಗಡಸುತನ ಕೊಟ್ಟು ಬೇಕಾದಷ್ಟು ತಾಳಿಕೆ ಕೊಂಡ ಹಾಗೆ. ಕಾವು ಏರಿದಷ್ಟೂ ಹೆಚ್ಚು ಚೀಲ ಮೇಲೆ. 400-500 ಡಿಗ್ರಿಗೆ ಕಾಯಿಸಿದರೆ ಲಾರಿಯ ಸ್ಪ್ರಿಂಗ್ ಸಿಗುತ್ತದೆ: ಗುಂಡಿಗೆ ಬಿದ್ದಾಗಲೆಲ್ಲ ಬಾಗಿ ಮರಳುತ್ತದೆ, ಆದರೆ ಮಸೆದ ಬಾಯಿ ಬೇಗ ಮೊಂಡಾಗುತ್ತದೆ.

ಕಲ್ಲುಕುಟಿಗರು ಕಾಯುವ ಬಣ್ಣ ಈ ಕಾವಿನ ಅಳತೆಗೋಲು. ಬಿಸಿ ಉಕ್ಕಿನ ಮೇಲೆ ತುಕ್ಕಿನ ಜಾತಿಯದೇ ಒಂದು ಪೊರೆ ಕಟ್ಟುತ್ತದೆ. ಪೊರೆ ದಪ್ಪವಾದಂತೆ ಅದರಲ್ಲಿ ಹಾದು ಮರಳುವ ಬೆಳಕಿನ ಬಣ್ಣ ಬದಲಾಗುತ್ತದೆ. ತೆಳು ಹಳದಿಗೆ ಸುಮಾರು 220 ಡಿಗ್ರಿ, ಕಂದಿಗೆ 260, ನೀಲಿಗೆ 300ರ ಆಸುಪಾಸು. ಚಾಕುವಿನ ಬಾಯಿಗೆ ತೆಳು ಹಳದಿ. ಏಟು ತಿನ್ನುವ ಕೊಡಲಿಗೆ, ಮಚ್ಚಿಗೆ ಅದಕ್ಕಿಂತ ಮುಂದೆ.

ಕತ್ತಿಯನ್ನು ಒಲೆಗೆ ಹಾಕಬೇಡ ಎಂದು ಮನೆಯ ಹಿರಿಯರು ಗದರುವುದರ ಅರ್ಥವೂ ಇದೇ. ಹಿಡಿ ಬಿಗಿ ಮಾಡಲು, ಪ್ಲಾಸ್ಟಿಕ್ ಕರಗಿಸಲು, ಕೆಂಡ ಕೆದಕಲು ಅಲಗನ್ನು ಬೆಂಕಿಗೆ ಒಡ್ಡಿದರೆ ಉಳಿದ ಚೀಲಗಳೂ ಅಟ್ಟಣೆ ಏರುತ್ತವೆ. ಕರೆಂಟಿನ ಗ್ರೈಂಡರಿಗೆ ಒತ್ತಿ ಹಿಡಿದು ಮಸೆಸಿದಾಗ ತೆಳುವಾದ ಬಾಯಿಯಲ್ಲಿ ನೀಲಿ ಗೆರೆ ಮೂಡುತ್ತದಲ್ಲ, ಅಷ್ಟೂ ಉದ್ದ ಹದ ಕೆಟ್ಟಿತು ಎಂದು ತಿಳಿಯಿರಿ. ಮತ್ತೆ ಮಸೆದರೆ ಹರಿತವೇನೋ ಬರುತ್ತದೆ, ನಿಲ್ಲುವುದಿಲ್ಲ.

ಅಂಗಡಿಯಲ್ಲಿ

ಈಗ ಕೊಳ್ಳಲು ಹೋಗೋಣ. ಒಂದೇ ಲಾರಿಯ ಒಂದೇ ಪಟ್ಟಿಯಿಂದ ಇಬ್ಬರು ಮಾಡಿದ ಎರಡು ಕತ್ತಿಗಳಲ್ಲಿ ಒಂದು ಚಿಪ್ಪೇಳುವುದು, ಇನ್ನೊಂದು ಮಡಚಿಕೊಳ್ಳುವುದು ಸಾಧ್ಯ. ಅಲಗಿನ ಮೇಲೆ ಉಕ್ಕಿನ ನಂಬರು ಕೆತ್ತಿದ್ದರೆ ಗೊತ್ತಾಗುವುದು ಇಂಗಾಲ ಎಷ್ಟೆಂದು. ಅದು ಎಲ್ಲಿ ಕೂತಿದೆ ಎಂದು ಆ ನಂಬರು ಹೇಳದು. ಆದ್ದರಿಂದ ನಂಬರಿನ ಪಕ್ಕ ಗಡಸುತನದ ಅಂಕಿ ಇದೆಯೇ ನೋಡಿ. ವಜ್ರದ ಮೊನೆಯನ್ನು ಉಕ್ಕಿಗೆ ಒತ್ತಿ ಎಷ್ಟು ಇಳಿಯಿತೆಂದು ಅಳೆಯುವ ರಾಕ್‌ವೆಲ್ ಲೆಕ್ಕ ಅದು. ಕಾಡಿನ ಚಾಕುವಿಗೆ 57ರಿಂದ 60 ಸರಿ. 62, 63 ಎಂದು ಹೆಮ್ಮೆಪಡುವ ಅಲಗು ಅಡುಗೆಮನೆಯಲ್ಲಿ ಚೆನ್ನ, ಕೊರಡು ಸೀಳುವಾಗ ಅಲ್ಲ. ಲಾರಿಯ ಸ್ಪ್ರಿಂಗು ಇದೇ ಲೆಕ್ಕದಲ್ಲಿ 45ರ ಅಕ್ಕಪಕ್ಕ. ಪಟ್ಟಿಯನ್ನು ಕತ್ತರಿಸಿ ಸುಮ್ಮನೆ ಮಸೆದು ಮಾರುವ ಕತ್ತಿ ಏಕೆ ನಿರಾಸೆ ಮಾಡುತ್ತದೆ ಎಂಬುದಕ್ಕೆ ಈ ಒಂದು ಅಂಕಿ ಸಾಕು. ಅದನ್ನು ಮತ್ತೆ ಕಾಯಿಸಿ ಅದ್ದಿ ಹದ ಹಾಕಿದವನ ಕತ್ತಿಯೇ ಬೇರೆ.

ಊರಿನ ಕುಲುಮೆಯ ಕತ್ತಿಗೆ ಅಂಕಿ ಎಲ್ಲಿಂದ ಬರಬೇಕು? ಅಲ್ಲಿ ಪರೀಕ್ಷೆ ನೀವೇ ಮಾಡಬೇಕು. ಹಿತ್ತಾಳೆಯ ಒಂದು ಸರಳಿನ ಮೇಲೆ ಬಾಯಿಯನ್ನು ಬಹುತೇಕ ಮಲಗಿಸಿ ಒತ್ತಿ, ಬೆಳಕಿಗೆ ಹಿಡಿದು ನೋಡಿ. ತೆಳು ಬಾಯಿ ಒಂದಿಷ್ಟು ಉಬ್ಬಿ, ಒತ್ತಡ ಬಿಟ್ಟೊಡನೆ ಮೊದಲಿನಂತಾದರೆ ಹದ ಕೂತಿದೆ. ಬಾಗಿ ಹಾಗೇ ಉಳಿದರೆ ಮೆದು. ಸಣ್ಣ ಚಿಪ್ಪು ಎದ್ದರೆ ಎರಡನೆಯ ಕಾವು ಸಾಲದು. ಕಬ್ಬಿಣವೋ ಉಕ್ಕೋ ಎಂಬ ಅನುಮಾನವಿದ್ದರೆ ಗ್ರೈಂಡರಿನ ಕಿಡಿ ನೋಡಿ: ಇಂಗಾಲ ಹೆಚ್ಚಿರುವ ಉಕ್ಕಿನ ಕಿಡಿ ಹೂಬಾಣದಂತೆ ಕವಲೊಡೆದು ಸಿಡಿಯುತ್ತದೆ, ಸಾದಾ ಕಬ್ಬಿಣದ ಕಿಡಿ ಉದ್ದ ಗೆರೆಯಾಗಿ ಹೋಗಿ ಆರುತ್ತದೆ. ಕಟ್ಟಡದ ಕಂಬಿ ಬಡಿದು ಮಾಡಿದ ಚಾಕುವನ್ನು ಹೇಗೆ ಅದ್ದಿದರೂ ಪ್ರಯೋಜನವಿಲ್ಲ, ಸಿಕ್ಕಿಸಲು ಬೇಕಾದಷ್ಟು ಇಂಗಾಲವೇ ಅದರಲ್ಲಿಲ್ಲ.

ಸ್ಟೀಲು ಎಂದು ನಾವು ಕರೆಯುವ ತುಕ್ಕು ಹಿಡಿಯದ ಉಕ್ಕಿನಲ್ಲಿ ಮುಖ್ಯವಾಗಿ ಎರಡು ಜಾತಿ. ತಟ್ಟೆ ಲೋಟದ ಸ್ಟೀಲಿನಲ್ಲಿ ನಿಕ್ಕಲ್ ಬೆರೆತಿರುವುದರಿಂದ ಪರಮಾಣುಗಳು ತಣ್ಣಗಾದರೂ ಬಿಸಿಯ ಕ್ರಮವನ್ನೇ ಹಿಡಿದುಕೊಂಡಿರುತ್ತವೆ, ಅದ್ದಿ ಗಡಸು ಮಾಡಲಾಗದು. ಅದಕ್ಕೆ ಅಯಸ್ಕಾಂತವೂ ಸಾಮಾನ್ಯವಾಗಿ ಅಂಟದು. ಅಯಸ್ಕಾಂತ ಅಂಟದ ಚಾಕುವನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ. ಚಾಕುವಿಗೆಂದೇ ಮಾಡಿದ, ಹದ ಹಿಡಿಯುವ ಸ್ಟೀಲು ಇನ್ನೊಂದು ಜಾತಿ. ಆಗುಂಬೆಯ ಮಳೆಯಲ್ಲಿ ಅಲೆಯುವವರಿಗೆ ಅದೇ ವಾಸಿ. ಕೋಲಾರದ ಒಣ ಬಯಲಿನವರಿಗೆ ನನ್ನ ಮತ ಸಾದಾ ಇಂಗಾಲದ ಉಕ್ಕಿಗೆ: ಅಗ್ಗ, ಬೇಗ ಮಸೆಯಬಹುದು, ಒರೆಸಿ ಎಣ್ಣೆ ಸವರಿದರೆ ತುಕ್ಕು ದೂರ. ಇನ್ನೊಂದು ಲಾಭವೂ ಉಂಟು. ಇಂಥ ಅಲಗಿನ ಬೆನ್ನನ್ನು ಬೆಣಚುಕಲ್ಲಿನ ಚೂಪು ಅಂಚಿಗೆ ಗೀರಿದರೆ ಸಿಪ್ಪೆಯೆದ್ದ ಉಕ್ಕಿನ ಕಣ ಗಾಳಿಯಲ್ಲಿ ಹೊತ್ತಿ ಕಿಡಿಯಾಗುತ್ತದೆ, ಚಕಮಕಿಯಂತೆ. ಬೆನ್ನಿಗೂ ಹದ ಇದ್ದರೆ ಮಾತ್ರ. ಬೆಣಚುಕಲ್ಲಿಗಂತೂ ಕೆಜಿಎಫ್‌ನಲ್ಲಿ ಬರವಿಲ್ಲ.

ಬೆನ್ನು, ಹಿಡಿ, ಉದ್ದ

ಹದ ಸರಿಯಿದ್ದರೆ ಆಕಾರದ ಮಾತು ಬೇಗ ಮುಗಿಯುತ್ತದೆ. ಅಲಗು ಹತ್ತು ಹನ್ನೆರಡು ಸೆಂಟಿಮೀಟರು, ಬೆನ್ನು ಮೂರರಿಂದ ನಾಲ್ಕು ಮಿಲಿಮೀಟರು. ಆರು ಮಿಲಿಮೀಟರಿನ ದಪ್ಪ ಚಾಕುಗಳು ಫೋಟೊದಲ್ಲಿ ಗಂಭೀರವಾಗಿ ಕಾಣುತ್ತವೆ. ಈರುಳ್ಳಿ ಹೆಚ್ಚಲು ಹೋದರೆ ಸೀಳುತ್ತವೆ. ಅಲಗಿನ ಲೋಹ ಹಿಡಿಯ ತುದಿಯವರೆಗೂ ಹೋಗಿದ್ದರೆ ಒಳ್ಳೆಯದು, ಏಕೆಂದರೆ ಸೌದೆಯ ಮೇಲಿಟ್ಟು ಬೆನ್ನಿಗೆ ಕೊರಡಿನಿಂದ ಬಡಿಯುವಾಗ ಮುರಿಯುವುದು ಅಲಗು ಹಿಡಿಯೊಳಗೆ ನುಗ್ಗುವ ಕುತ್ತಿಗೆ. ಹಾಗೆಂದು ಇದನ್ನೇ ವ್ರತವಾಗಿ ಹಿಡಿಯಬೇಕಿಲ್ಲ. ಸ್ವೀಡನ್ನಿನ ಮೋರಾ ಊರಿನ ಚಾಕುಗಳಲ್ಲಿ ಹೆಚ್ಚಿನವಕ್ಕೆ ಲೋಹ ಹಿಡಿಯ ತುದಿ ಮುಟ್ಟುವ ಮುನ್ನವೇ ನಿಲ್ಲುತ್ತದೆ; ಹದ ಚೆನ್ನಾಗಿರುವುದರಿಂದ ಲೋಕವೆಲ್ಲ ಅವನ್ನು ಬಳಸುತ್ತಿದೆ, ಬೆಲೆಯೂ ಮಿತ. ಇನ್ನು ಪೊದೆ ಸವರುವ, ಕೊಂಬೆ ಕಡಿಯುವ ಕೆಲಸಕ್ಕೆ ಚಾಕುವನ್ನು ದುಡಿಸಬೇಡಿ. ಅದಕ್ಕೆ ನಮ್ಮ ಬಯಲುಸೀಮೆಯ ಮಚ್ಚು ಇದೆ, ಮಲೆನಾಡಿನ ಕತ್ತಿ ಇದೆ, ಕೊಡಗಿನ ಒಡಿಕತ್ತಿಯ ಅಗಲವಾದ ಅಲಗಿದೆ. ಅವು ಉದ್ದ, ಭಾರ, ಹದವೂ ತುಸು ಮೆದು.

ಕಾನೂನಿನ ಒಂದು ಮಾತು. ಮನೆ, ಬೇಸಾಯ, ಕೈಗಾರಿಕೆಯ ಬಳಕೆಗೆಂದು ಮಾಡಿರದ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗನ್ನು ಆಯುಧ ನಿಯಮಗಳು ಆಯುಧದ ಸಾಲಿಗೆ ಸೇರಿಸುತ್ತವೆ. ಮೇಲೆ ಹೇಳಿದ ಚಾಕುವಿನ ಉದ್ದ ಅದರ ಅರ್ಧದ ಆಸುಪಾಸು ಮಾತ್ರ. ಆದರೂ ಬಸ್ಸು ರೈಲಿನಲ್ಲಿ ಒರೆಯೊಳಗಿಟ್ಟು ಚೀಲದ ತಳಕ್ಕೆ ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯಬೇಡಿ. ಮೀಸಲು ಅರಣ್ಯದಲ್ಲಿ ಮರ ಕಡಿಯುವುದೂ ಬೆಂಕಿ ಹಾಕುವುದೂ ಅಪರಾಧ. ಕೈ ಪಳಗಿಸಲು ಗೆಳೆಯರ ತೋಟ, ನಿಮ್ಮದೇ ಹಿತ್ತಿಲು ಸಾಕು.

ಕೈಯಲ್ಲಿರುವ ಹಣವನ್ನೆಲ್ಲ ಚಾಕುವಿಗೇ ಸುರಿಯಬೇಡಿ. ಹದವಾದ ಸಾದಾ ಉಕ್ಕಿನ ಒಂದು ಚಾಕು ಕೊಂಡು, ಉಳಿದ ದುಡ್ಡಿನಲ್ಲಿ ಒಳ್ಳೆಯ ಸಾಣೆಕಲ್ಲು ಕೊಳ್ಳಿ. ನೀರು ಹನಿಸುತ್ತ ಕೈಯಿಂದಲೇ ಮಸೆಯಿರಿ.